ಕಾಗದಕ್ಕೆ ಮೊನೆ, ಮರಕ್ಕೆ ಅಂಚು: ಪೆನ್ಸಿಲ್ ಮತ್ತು ಮೆಂಡರ್ ಬಗ್ಗೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಐನೂರು ರೂಪಾಯಿ ಇದ್ದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಂಡರ್‌ಗೆ, ಕಟರ್‌ಗೆ ಹಾಕಿ. ಉಳಿದದ್ದರಲ್ಲಿ ಪೆನ್ಸಿಲ್ ತಗೊಳ್ಳಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ತಗಡಿನ ಡಬ್ಬಿಯಲ್ಲಿ ಸಾಲಾಗಿ ಮಲಗಿರುವ ದುಬಾರಿ ಸೆಟ್ ತರುತ್ತಾರೆ, ಅದನ್ನು ಮಗನ ಜಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಮೆಂಡರ್‌ಗೆ ತುರುಕುತ್ತಾರೆ. ಆಮೇಲೆ ಮೊನೆ ನಿಲ್ಲೋದೇ ಇಲ್ಲ ಅಂತ ಪೆನ್ಸಿಲ್‌ಗೆ ಬೈಯುತ್ತಾರೆ.

ನನಗೆ ಪೆನ್ಸಿಲ್ ಬೇಕಾಗುವುದು ಎರಡು ಕಡೆ. ರಜಾ ದಿನ ಬೆಳಿಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಕುಕ್ಕರಹಳ್ಳಿ ಕೆರೆ ಏರಿ ಮೇಲೋ ಸ್ಕೆಚ್ ಪುಸ್ತಕ ಹಿಡಿದು ಕೂರುತ್ತೇನೆ. ಮಧ್ಯಾಹ್ನ ಮನೆ ಹಿಂದಿನ ಶೀಟ್ ಛಾವಣಿ ಕೆಳಗೆ ಮರಗೆಲಸ. ಮಣೆ, ಸ್ಟೂಲು, ಗೋಡೆಗೆ ಹಾಕುವ ಸಣ್ಣ ಕಪಾಟು, ಇಷ್ಟೇ ನನ್ನ ಯೋಗ್ಯತೆ. ಆದರೆ ಈ ಎರಡು ಕೆಲಸಕ್ಕೆ ಒಂದೇ ಪೆನ್ಸಿಲ್ ನಡೆಯುವುದಿಲ್ಲ. ನಮ್ಮ ಬೀದಿಯ ಆಚಾರ್ರು ನನ್ನ ಚೂಪು ಮೊನೆ ನೋಡಿ ಒಮ್ಮೆ ಹೇಳಿದ್ದರು, "ಇದು ಚಿತ್ರಕ್ಕೆ ಸರಿ ಮೇಡಂ. ಮರಕ್ಕೆ ಮೊನೆ ಬೇಡ, ಅಂಚು ಬೇಕು." ಈ ಬರಹ ಪೂರ್ತಿ ಆ ಮಾತಿನ ಸುತ್ತಲೇ ಇದೆ.

ಮೊದಲು ಕಾಗದದ ಕಡೆ ನೋಡೋಣ.

ನಮ್ಮೂರಿನ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ನಟರಾಜ್, ಅಪ್ಸರಾ, ಕ್ಯಾಮ್ಲಿನ್, ಡಾಮ್ಸ್ ಸಿಗುತ್ತವೆ. ನಟರಾಜ್ ವಾಸಿಯೋ ಅಪ್ಸರಾ ವಾಸಿಯೋ ಅಂತ ಶಾಲೆಯಲ್ಲಿ ಜಗಳ ಆಡಿದವರು ನಾವೆಲ್ಲ. ಎರಡೂ ಒಂದೇ ಮನೆಯವು, 1958ರಲ್ಲಿ ಶುರುವಾದ ಹಿಂದೂಸ್ತಾನ್ ಪೆನ್ಸಿಲ್ಸ್ ಕಂಪನಿಯವು. ಡಾಮ್ಸ್ ಗುಜರಾತಿನ ಉಂಬರ್ಗಾಂವ್‌ನದು. ಕೆಂಪು ಕಪ್ಪು ಪಟ್ಟೆಯ ನಟರಾಜ್ 621 ಬರೆಯುವ ಪೆನ್ಸಿಲ್. 'ಎಕ್ಸ್‌ಟ್ರಾ ಡಾರ್ಕ್' ಅಂತ ಹೆಸರಿರುವವೂ ಬರೆಯುವುದಕ್ಕೇ. ಚಿತ್ರಕ್ಕೆ ಬೇಕಾದದ್ದು ಮೈಮೇಲೆ 2ಬಿ, 4ಬಿ, 6ಬಿ ಅಂತ ನಂಬರ್ ಒತ್ತಿರುವ ಡ್ರಾಯಿಂಗ್ ಪೆನ್ಸಿಲ್. ಅಂಗಡಿಯವರು ಪೂರ್ತಿ ಸೆಟ್ ಕೈಗಿಡಲು ನೋಡುತ್ತಾರೆ. ಬಿಡಿಯಾಗಿ ಕೇಳಿ. ಸೆಟ್ಟಿನಲ್ಲಿ ಅರ್ಧ ಪೆನ್ಸಿಲ್ ಹತ್ತು ವರ್ಷವಾದರೂ ಸವೆಯುವುದಿಲ್ಲ.

ನನ್ನ ಡಬ್ಬಿಯಲ್ಲಿ ದಿನಾ ಓಡುವುದು ಮೂರೇ: ಎಚ್‌ಬಿ, 2ಬಿ, 4ಬಿ. ಅಪ್ಸರಾ ಡ್ರಾಯಿಂಗ್ ಪೆನ್ಸಿಲ್‌ನ 2ಬಿ ನನ್ನ ಕೈಗೆ ಚೆನ್ನಾಗಿ ಕೂತಿದೆ. ಬೆಲೆ ಕಡಿಮೆ ಅಂದಮೇಲೆ ಭಯವಿಲ್ಲದೆ ಗೀಚಬಹುದು, ಅದು ದೊಡ್ಡ ಅನುಕೂಲ. ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕಟ್ಟುಗಳನ್ನು ಬರೆಯುವಾಗ 4ಬಿಯನ್ನು ಮಲಗಿಸಿ ಪಕ್ಕದಿಂದ ಉಜ್ಜುತ್ತೇನೆ, ಎಲೆ ಎಲೆಯ ನಡುವಿನ ಕತ್ತಲು ಒಂದೇ ಎಳೆತಕ್ಕೆ ಬರುತ್ತದೆ. ಕಮಾನುಗಳ ಗೆರೆಗೆ ಎಚ್‌ಬಿ ಸಾಕು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಮೆತ್ತಗಾಗಿರುತ್ತದೆ, ಆಗ ಎಚ್, 2ಎಚ್ ತರಹದ ಗಟ್ಟಿ ಪೆನ್ಸಿಲ್ ಕಾಗದವನ್ನು ಕೊರೆಯುತ್ತದೆ. ಆ ಗೀರು ರಬ್ಬರ್ ಹಾಕಿದರೂ ಹೋಗದು, ಮೇಲೆ 4ಬಿ ಉಜ್ಜಿದರೆ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಆದ್ದರಿಂದ ಜೂನ್ ಬಂತೆಂದರೆ ಗಟ್ಟಿ ಪೆನ್ಸಿಲ್‌ಗಳು ಮನೆಯಲ್ಲೇ.

ಈ ಎಚ್, ಬಿ ಲೆಕ್ಕ ಏನು ಅಂತ ಕೇಳುವವರಿಗೆ ಎರಡು ಮಾತು. ಒಳಗಿನ ಕಡ್ಡಿ ಸೀಸವಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟದ್ದು. ಮಣ್ಣು ಜಾಸ್ತಿಯಾದರೆ ಗಟ್ಟಿ, ತೆಳು ಬಣ್ಣ. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಕಪ್ಪು. ಇದನ್ನು ಕಂಡುಹಿಡಿದು 1795ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ. ಯುದ್ಧದಿಂದಾಗಿ ಇಂಗ್ಲೆಂಡಿನ ಗಣಿ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತಿತ್ತು, ಇದ್ದದ್ದರಲ್ಲೇ ಕೆಲಸ ನಡೆಸಬೇಕಿತ್ತು. ಇಂದಿಗೂ ಈ ನಂಬರ್‌ಗಳಿಗೆ ಎಲ್ಲ ಕಂಪನಿಗೂ ಒಪ್ಪುವ ಒಂದು ಅಳತೆ ಇಲ್ಲ. ಒಬ್ಬರ 2ಬಿ ಇನ್ನೊಬ್ಬರ 3ಬಿ. ಹಾಗಾಗಿ ಒಂದು ಚಿತ್ರಕ್ಕೆ ಒಂದೇ ಕಂಪನಿಯ ಪೆನ್ಸಿಲ್ ಇಟ್ಟುಕೊಂಡರೆ ತಲೆನೋವು ಕಮ್ಮಿ.

ಹೊರದೇಶದವುಗಳಿಗೆ ದುಡ್ಡು ಹಾಕಬೇಕಾ? ಹಾಕಬಹುದು, ಆದರೆ ಯಾಕೆ ಅಂತ ಗೊತ್ತಿರಲಿ. ಮುಖ್ಯ ವ್ಯತ್ಯಾಸ ಕಡ್ಡಿಗಿಂತ ಮರದಲ್ಲಿದೆ ಅನ್ನೋದು ನನ್ನ ಲೆಕ್ಕ. ನಮ್ಮ ದೇಶದ ಪೆನ್ಸಿಲ್‌ಗೆ ಹೆಚ್ಚಾಗಿ ಕಾಶ್ಮೀರದ ಪಾಪ್ಲರ್ ಮರ ಹೋಗುತ್ತದೆ. ಪುಲ್ವಾಮಾ ಜಿಲ್ಲೆಯ ಉಖೂ ಎಂಬ ಹಳ್ಳಿಯಲ್ಲಿ ಅದನ್ನು ತೆಳು ಪಟ್ಟಿಗಳಾಗಿ ಸೀಳಿ ಕಳಿಸುವುದೇ ಕಸುಬು. ಪಾಪ್ಲರ್ ಬೇಗ ಬೆಳೆಯುವ ಮರ, ಎಳೆ ಒಮ್ಮೊಮ್ಮೆ ಅಡ್ಡಾದಿಡ್ಡಿ ಇರುತ್ತದೆ. ಕಟರ್ ಹಾಕಿದಾಗ ಕೆಲವು ಕಡೆ ಸಿಬಿರು ಏಳುತ್ತದೆ. ಅಮೆರಿಕದ ಪಶ್ಚಿಮ ಕರಾವಳಿ ಕಡೆ ಬೆಳೆಯುವ ಇನ್ಸೆನ್ಸ್ ಸೀಡರ್ ಮರದ ಎಳೆ ನೇರ, ಮರ ಮೆತ್ತಗೆ. ಚಕ್ಕೆ ಸುರುಳಿಯಾಗಿ ಬಿಡುತ್ತದೆ, ಜೊತೆಗೆ ಘಮ್ಮೆನ್ನುತ್ತದೆ. ಒಂದು ಸಲ ಅದನ್ನು ಹೆರೆದವರು ಇನ್ನೊಂದು ಕೊಂಡೇ ಕೊಳ್ಳುತ್ತಾರೆ, ನನ್ನಾಣೆ.

ಕಡು ಹಸಿರು ಬಣ್ಣದ ಫೇಬರ್ ಕ್ಯಾಸಲ್ 9000 ಬಂದದ್ದು 1905ರಲ್ಲಿ. 8ಬಿಯಿಂದ 6ಎಚ್‌ವರೆಗೆ 16 ಬಗೆ. ಗೆರೆಗೆ ನನಗೆ ಇದೇ ಇಷ್ಟ, ಮೊನೆ ಬಹಳ ಹೊತ್ತು ನಿಲ್ಲುತ್ತದೆ. ಸ್ಟೆಡ್ಲರ್‌ನ ನೀಲಿ ಲುಮೋಗ್ರಾಫ್ ಕೂಡ ಅದೇ ಜಾತಿ. ಅದೇ ಹೆಸರಿನಲ್ಲಿ ಕಾರ್ಬನ್ ಸೇರಿಸಿದ 'ಬ್ಲ್ಯಾಕ್' ಅಂತ ಇನ್ನೊಂದು ಸಾಲು ಇದೆ. ಗ್ರಾಫೈಟ್‌ನ ಬೆಳ್ಳಿ ಹೊಳಪು ಬೇಡ ಅನ್ನುವವರಿಗೆ ಅದು. ಮಿತ್ಸುಬಿಷಿಯ ಹೈ ಯೂನಿ 1966ರಿಂದ ಇದೆ, 10ಬಿಯಿಂದ 10ಎಚ್‌ವರೆಗೆ 22 ಬಗೆ. ಜಪಾನಿನವರದು ಅದೇ ನಂಬರ್‌ಗೆ ಸ್ವಲ್ಪ ಜಾಸ್ತಿ ಕಪ್ಪು, ಕಾಗದದ ಮೇಲೆ ಜಾರುತ್ತದೆ. ಆದರೆ ಬೆಲೆ! ಒಂದರ ದುಡ್ಡಿಗೆ ನಮ್ಮ ಡ್ರಾಯಿಂಗ್ ಪೆನ್ಸಿಲ್ ಒಂದು ಡಬ್ಬಿಯೇ ಬರುತ್ತದೆ. ನಾನು 4ಬಿ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಗಿಡ್ಡವಾದ ಮೇಲೆ ಹಿತ್ತಾಳೆ ಹೋಲ್ಡರ್‌ಗೆ ಸಿಕ್ಕಿಸಿ ಎಳೆಯುತ್ತಿದ್ದೇನೆ.

ಅಂಗಡಿಯಲ್ಲಿ ಆರಿಸುವಾಗ ನಾಚಿಕೆ ಬೇಡ. ಬೆಂಗಳೂರಿನ ಅವೆನ್ಯೂ ರೋಡಿನ ಅಂಗಡಿಗಳಲ್ಲಿ ಜನ ರಾಶಿ ಇರುತ್ತಾರೆ, ಆದರೂ ನಿಂತು ನೋಡಿ. ಪೆನ್ಸಿಲ್‌ನ ತುದಿ ನೋಡಿ, ಕಡ್ಡಿ ನಟ್ಟನಡುವೆ ಇರಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಮೆಂಡರ್‌ಗೆ ಹಾಕಿದಾಗ ಒಂದು ಕಡೆ ಮರ ಮೊನೆವರೆಗೂ ಉಳಿಯುತ್ತದೆ, ಇನ್ನೊಂದು ಕಡೆ ಕಡ್ಡಿ ಬೋಳಾಗುತ್ತದೆ. ಕೌಂಟರ್ ಮೇಲೆ ಒಮ್ಮೆ ಉರುಳಿಸಿ, ಎಗರಿದರೆ ಬಾಗಿದೆ ಅಂತ ಅರ್ಥ. ಆನ್‌ಲೈನ್‌ನಲ್ಲಿ ಇದ್ಯಾವುದೂ ಆಗುವುದಿಲ್ಲ. ನಾನು ಒಮ್ಮೆ ತರಿಸಿದ ಒಂದು ಸೆಟ್ಟಿನಲ್ಲಿ, ಹೆಸರು ಬೇಡ ಬಿಡಿ, ಅರ್ಧಕ್ಕರ್ಧ ಪೆನ್ಸಿಲ್‌ನ ಕಡ್ಡಿ ಒಳಗೇ ತುಂಡಾಗಿತ್ತು. ಚೂಪು ಮಾಡಿದಷ್ಟೂ ಕಾಲಿಂಚು ಕಾಲಿಂಚಾಗಿ ಉದುರುತ್ತಿತ್ತು. ಸಾಗಾಣಿಕೆಯಲ್ಲಿ ಬಿದ್ದಿರಬೇಕು. ವಾಪಸ್ ತಗೊಳ್ಳಿ ಅಂದರೆ, ಬಳಸಿದ ಮಾಲು ತಗೊಳ್ಳೋದಿಲ್ಲ ಅಂದರು. ಬಳಸದೆ ಒಳಗೆ ಮುರಿದದ್ದು ಗೊತ್ತಾಗುವುದು ಹೇಗೆ ಸ್ವಾಮಿ?

ಈಗ ಮೆಂಡರ್. ನನಗೆ ಹೇಳಬೇಕಾದದ್ದು ಜಾಸ್ತಿ ಇರುವುದು ಇಲ್ಲೇ.

ಐದು ರೂಪಾಯಿ ಪ್ಲಾಸ್ಟಿಕ್ ಮೆಂಡರ್ ಹೊಸದರಲ್ಲಿ ಪರವಾಗಿಲ್ಲ. ತೊಂದರೆ ಏನೆಂದರೆ ಬ್ಲೇಡ್ ಮೊಂಡಾದರೂ ನಾವು ಎಸೆಯುವುದಿಲ್ಲ. ಮೊಂಡು ಬ್ಲೇಡ್ ಮರವನ್ನು ಕತ್ತರಿಸುವುದಿಲ್ಲ, ಕೀಳುತ್ತದೆ. ನಾವು ಇನ್ನಷ್ಟು ಒತ್ತಿ ತಿರುಗಿಸುತ್ತೇವೆ, ಕಡ್ಡಿ ತಿರುಚಿಕೊಂಡು ಮುರಿಯುತ್ತದೆ. ಬೆಲೆಬಾಳುವ ಪೆನ್ಸಿಲ್ ಅರ್ಧ ಈ ಹೊಟ್ಟೆಗೇ ಹೋಗುತ್ತದೆ.

ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ ಮೆಂಡರ್ ಮಾಡುವ ಎರಡು ಹಳೆಯ ಕಂಪನಿಗಳಿವೆ, ಕುಮ್ ಮತ್ತು ಮೋಬಿಯಸ್ ರುಪರ್ಟ್. ಕುಮ್‌ನ ಮೆಗ್ನೀಷಿಯಂ ಮೆಂಡರ್ ಬೆರಳಿನ ಒಂದು ಗೆಣ್ಣಿನಷ್ಟೇ ಇದೆ, ಪಕ್ಕದಲ್ಲಿ ಹಿಡಿತಕ್ಕೆ ಗೀರುಗಳಿವೆ. ಹಗುರ. ಸ್ಕ್ರೂ ಬಿಚ್ಚಿ ಬ್ಲೇಡ್ ಬದಲಿಸಬಹುದು. ಇನ್ನೊಬ್ಬರದು ಹಿತ್ತಾಳೆಯದು, ಗುಂಡಗೆ, ಅಂಗೈಯಲ್ಲಿ ತೂಕ ಗೊತ್ತಾಗುತ್ತದೆ. ಎರಡರಲ್ಲೂ ಚಕ್ಕೆ ತುಂಡಾಗದೆ ರಿಬ್ಬನ್ ಥರ ಸುತ್ತಿಕೊಂಡು ಬರುತ್ತದೆ. ಚಕ್ಕೆ ತುಂಡಿಲ್ಲದೆ ಬಂದರೆ ಬ್ಲೇಡ್ ಚೆನ್ನಾಗಿದೆ, ಪುಡಿಪುಡಿಯಾದರೆ ಬದಲಿಸಿ. ನನಗೆ ಬೇರೆ ಪರೀಕ್ಷೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಉದ್ದ ಮೊನೆ ಬೇಕಾದವರಿಗೆ ಕುಮ್‌ನ ಎರಡು ತೂತಿನ ಮೆಂಡರ್ ಇದೆ. ಮೊದಲ ತೂತು ಮರ ಮಾತ್ರ ತೆಗೆಯುತ್ತದೆ, ಕಡ್ಡಿಯನ್ನು ಮುಟ್ಟುವುದಿಲ್ಲ. ಎರಡನೇ ತೂತು ಕಡ್ಡಿಗೆ ಮಾತ್ರ. ಎಚ್‌ಬಿ, 2ಬಿಗೆ ಅದ್ಭುತ. ಸೂಜಿ ಥರ ಬರುತ್ತದೆ. 6ಬಿ ಹಾಕಬೇಡಿ, ಅಷ್ಟು ಮೆತ್ತಗಿನ ಕಡ್ಡಿ ಅಷ್ಟು ಉದ್ದ ಬೋಳಾಗಿ ನಿಲ್ಲುವುದಿಲ್ಲ. ಹ್ಯಾಂಡಲ್ ತಿರುಗಿಸುವ ಮೇಜಿನ ಯಂತ್ರಗಳೂ ಬರುತ್ತವೆ. ಶಾಲೆ ಮಕ್ಕಳಿರುವ ಮನೆಗೆ ಅದು ಸರಿ. ಕೆಲವು ಯಂತ್ರ ಪೆನ್ಸಿಲ್ ಮೈಮೇಲೆ ಹಲ್ಲಿನ ಗುರುತು ಬಿಡುತ್ತವೆ, ನನಗೆ ಸೇರುವುದಿಲ್ಲ.

ಆದರೆ 4ಬಿಯಿಂದ ಮೇಲಕ್ಕೆ ನಾನು ಮೆಂಡರ್ ಮುಟ್ಟುವುದೇ ಇಲ್ಲ. ಕಟರ್. ತುದಿ ಮುರಿದರೆ ಹೊಸ ಅಂಚು ಬರುತ್ತದಲ್ಲ, ಆ 9 ಮಿಲಿಮೀಟರ್ ಬ್ಲೇಡಿನ ಸಾಮಾನ್ಯ ಕಟರ್ ಸಾಕು. ಮಾಡುವ ಕ್ರಮ ಹೀಗೆ. ಬಲಗೈಯಲ್ಲಿ ಕಟರ್ ಹಿಡಿದು ಅಲುಗಾಡಿಸದೆ ಇಡಿ. ಎಡಗೈಯಲ್ಲಿ ಪೆನ್ಸಿಲ್. ಎಡಗೈ ಹೆಬ್ಬೆರಳನ್ನು ಬ್ಲೇಡಿನ ಬೆನ್ನಿಗೆ ಆನಿಸಿ. ಈಗ ಕಟರನ್ನು ತಳ್ಳಬೇಡಿ, ಪೆನ್ಸಿಲನ್ನು ಹಿಂದಕ್ಕೆ ಎಳೆಯಿರಿ. ಈಳಿಗೆಮಣೆ ಇದ್ದ ಹಾಗೆ, ಕತ್ತಿ ಕದಲುವುದಿಲ್ಲ, ಕಾಯಿ ಕದಲುತ್ತದೆ. ಒಂದು ಚಕ್ಕೆ ಬಂತಾ, ಪೆನ್ಸಿಲ್ ಸ್ವಲ್ಪ ತಿರುಗಿಸಿ, ಮತ್ತೊಂದು. ಮರದ ಇಳಿಜಾರು ಎರಡು ಸೆಂಟಿಮೀಟರ್ ಬರಲಿ. ಕಡ್ಡಿ ಅರ್ಧದಿಂದ ಒಂದು ಸೆಂಟಿಮೀಟರ್ ಹೊರಗೆ ಕಾಣಲಿ. ಕಡ್ಡಿಗೆ ಬಂದಾಗ ಬ್ಲೇಡನ್ನು ಬಹುತೇಕ ನೆಟ್ಟಗೆ ನಿಲ್ಲಿಸಿ ಸುಮ್ನೆ ಕೆರೆಯಬೇಕು, ಕತ್ತರಿಸಬಾರದು. ಕೊನೆಗೆ ನುಣುಪು ಉಪ್ಪುಕಾಗದದ ಮೇಲೆ ಮಲಗಿಸಿ ತಿರುಗಿಸುತ್ತಾ ಉಜ್ಜಿ. ಉದುರಿದ ಕಪ್ಪು ಪುಡಿ ಎಸೆಯಬೇಡಿ. ಹತ್ತಿಗೆ ಹಚ್ಚಿಕೊಂಡು ಚಿತ್ರದ ಆಕಾಶಕ್ಕೆ ಉಜ್ಜಬಹುದು.

ಹೀಗೆ ಮಾಡಿದ ಪೆನ್ಸಿಲ್‌ನಿಂದ ತುದಿಯಲ್ಲಿ ಗೆರೆಯೂ ಬರುತ್ತದೆ, ಮಲಗಿಸಿದರೆ ಅಗಲದ ಛಾಯೆಯೂ ಬರುತ್ತದೆ. ಮೆಂಡರ್‌ನ ಗಿಡ್ಡ ಮೊನೆಯಲ್ಲಿ ಆ ಎರಡನೆಯದು ಇಲ್ಲ. ಒಂದೇ ತೊಂದರೆ, ಬ್ಯಾಗಿನಲ್ಲಿ ಸುಮ್ಮನೆ ಹಾಕಿದರೆ ಮುರಿಯುತ್ತದೆ. ತುದಿಗೆ ಕ್ಯಾಪ್ ಹಾಕಿ, ಇಲ್ಲವೇ ಬಟ್ಟೆಯಲ್ಲಿ ಸುತ್ತಿ.

ಇನ್ನು ಮರ.

ಬಡಗಿಗಳ ಚಪ್ಪಟೆ ಪೆನ್ಸಿಲ್ ನೋಡಿದ್ದೀರಲ್ವಾ? ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬದಲ್ಲಿ ನಿಲ್ಲಿಸಿರುತ್ತಾರೆ. ಚಪ್ಪಟೆ ಯಾಕೆಂದರೆ ಇಳಿಜಾರು ಹಲಗೆ ಮೇಲೆ ಇಟ್ಟರೂ ಉರುಳುವುದಿಲ್ಲ. ಒಳಗಿನ ಕಡ್ಡಿಯೂ ಚಪ್ಪಟೆ, ದಪ್ಪ, ಬಿದ್ದರೂ ಬೇಗ ಮುರಿಯದು. ಬಹಳ ಹಳೇ ವಿನ್ಯಾಸ ಇದು. ಗೊತ್ತಿರುವ ಅತಿ ಹಳೆಯ ಪೆನ್ಸಿಲ್ ಕೂಡ ಬಡಗಿಯದೇ. 17ನೇ ಶತಮಾನದ ಒಂದು ಜರ್ಮನ್ ಮರದ ಮನೆಯಲ್ಲಿ ಸಿಕ್ಕಿತು, ಈಗ ಫೇಬರ್ ಕ್ಯಾಸಲ್‌ನವರ ಸಂಗ್ರಹದಲ್ಲಿದೆ. ಕೆಲಸದ ನಡುವೆ ಎಲ್ಲೋ ಇಟ್ಟು ಮರೆತ ಆ ಬಡಗಿ ಎಷ್ಟು ಹುಡುಕಿದ್ದನೋ ಪಾಪ.

ಇದನ್ನು ಮೆಂಡರ್‌ಗೆ ಹಾಕಲಾಗುವುದಿಲ್ಲ. ಹಾಕಬೇಕಾಗಿಯೂ ಇಲ್ಲ. ಚಪ್ಪಟೆ ಪೆನ್ಸಿಲ್‌ಗೂ ದುಂಡು ಮೊನೆ ಮಾಡುವ ಪ್ಲಾಸ್ಟಿಕ್ ಮೆಂಡರ್ ಒಂದು ಈಗ ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಚಪ್ಪಟೆ ಪೆನ್ಸಿಲ್‌ನ ಗುಣವನ್ನೇ ಅದು ಹಾಳು ಮಾಡುತ್ತದೆ. ಆಚಾರ್ರು ಉಳಿಯಿಂದ ಎರಡು ಅಗಲ ಮುಖಗಳನ್ನು ಇಳಿಜಾರಾಗಿ ಕೆತ್ತುತ್ತಾರೆ. ಪಕ್ಕದ ಮುಖ ಮುಟ್ಟುವುದಿಲ್ಲ. ಆಮೇಲೆ ಕಡ್ಡಿಯನ್ನು ಉಪ್ಪುಕಾಗದದ ಮೇಲೆ ಒಂದೇ ದಿಕ್ಕಿಗೆ ನಾಲ್ಕು ಸಲ ಎಳೆದರೆ ಉಳಿಯಂಥ ಅಂಚು ಬರುತ್ತದೆ. ಆ ಅಂಚನ್ನು ಮೂಲೆಮಟ್ಟದ, ಅಂದರೆ ಮೂಲೆ ನೆಟ್ಟಗಿದೆಯಾ ಅಂತ ನೋಡುವ ಸಾಧನದ, ಉಕ್ಕಿನ ಪಟ್ಟಿಗೆ ಒತ್ತಿ ಎಳೆದರೆ ಗೀಟು ಪಟ್ಟಿಗೆ ಅಂಟಿಕೊಂಡೇ ಬರುತ್ತದೆ. ದುಂಡು ಮೊನೆಯಾದರೆ ಮೂರು ಗೀಟಿಗೆ ಮೊಂಡು. ಮೊಂಡಾದಷ್ಟೂ ಗೀಟು ಪಟ್ಟಿಯಿಂದ ದೂರ ಸರಿಯುತ್ತದೆ. ಒಂದು ಕಾಲಿಗೆ ಅರ್ಧ ಮಿಲಿಮೀಟರ್ ಅಂದರೂ ನಾಲ್ಕು ಕಾಲಿನ ಸ್ಟೂಲು ಕುಣಿಯಲು ಅಷ್ಟೇ ಸಾಕು. ಅಂಚಿಗೆ ಸವೆಯಲು ಜಾಗ ಜಾಸ್ತಿ, ಬಹಳ ಹೊತ್ತು ತೆಳುವಾಗಿ ಬರೆಯುತ್ತದೆ. ಮರದ ಎಳೆ ಹಿಡಿದು ಮೊನೆ ಅಡ್ಡಹೋಗುವ ಕಾಟವೂ ಕಡಿಮೆ.

ಅದೇ ಉಪಾಯ ಸಾಮಾನ್ಯ ಆರು ಮೂಲೆ ಪೆನ್ಸಿಲ್‌ಗೂ ನಡೆಯುತ್ತದೆ. ಎಚ್ ಅಥವಾ 2ಎಚ್ ತಗೊಂಡು ಉದ್ದಕ್ಕೆ ಹೆರೆದು, ಕಡ್ಡಿಯ ಎರಡು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಿ ಚಪ್ಪಟೆ ಮಾಡಿ. ಸಣ್ಣ ಕೆಲಸಕ್ಕೆ ನನ್ನ ಮೆಚ್ಚಿನದು ಇದೇ. ಹಲಗೆ ಕಡಿಯಲು, ಪ್ಲೈವುಡ್ ಅಳೆಯಲು ಹಾರ್ಡ್‌ವೇರ್ ಅಂಗಡಿಯ ಚಪ್ಪಟೆಯೇ ಸರಿ.

ಮರ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತೇಗ, ಹೊನ್ನೆ ಗಟ್ಟಿ, 2ಎಚ್ ತಡೆಯುತ್ತವೆ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ, ನಾನು ಕಲಿಯುವ ಕೆಲಸವೆಲ್ಲ ಅದರಲ್ಲೇ. ಅಂಥ ಮೆತ್ತಗಿನ ಮರಕ್ಕೆ ಗಟ್ಟಿ ಪೆನ್ಸಿಲ್ ಒತ್ತಿದರೆ ತಗ್ಗು ಬೀಳುತ್ತದೆ, ಕೀಸುಳಿಯಿಂದ ಮೇಲ್ಮೈ ಹೆರೆಯದೆ ಹೋಗದು. ಅಲ್ಲಿ ಎಚ್‌ಬಿ, ಹಗುರ ಕೈ. ಇನ್ನು ಮೈಸೂರಿನ ಇನ್‌ಲೇ ಕೆಲಸಕ್ಕೆ, ಅಂದರೆ ಮರ ಕೊರೆದು ಬೇರೆ ಬಣ್ಣದ ತುಂಡು ಕೂರಿಸುವ ಕೆಲಸಕ್ಕೆ, ಬಳಸುವ ಬೀಟೆಯಂಥ ಕಪ್ಪು ಮರದ ಮೇಲೆ ಗ್ರಾಫೈಟ್ ಕಾಣುವುದೇ ಇಲ್ಲ. ಬಿಳಿ ಕಲರ್ ಪೆನ್ಸಿಲ್ ಬೇಕು. ಅದರ ಮೇಣದ ಕಡ್ಡಿ ಚೂಪು ನಿಲ್ಲುವುದಿಲ್ಲ, ಎರಡು ಗೀಟಿಗೊಮ್ಮೆ ಉಜ್ಜುತ್ತಿರಬೇಕು.

ಕೂಡುಗೆಲಸಕ್ಕೆ, ಅಂದರೆ ಹಲ್ಲು ಕೂರಿಸುವ ಕಡೆ, ಪೆನ್ಸಿಲ್ ನಂಬುವಂತಿಲ್ಲ. ಎಷ್ಟೇ ತೆಳು ಗೀಟಾದರೂ ಅದಕ್ಕೊಂದು ದಪ್ಪ ಇದೆ. ಗರಗಸ ಗೀಟಿನ ಈ ಬದಿಯೋ ಆ ಬದಿಯೋ ಎಂಬ ಅನುಮಾನದಲ್ಲೇ ಸಂದಿ ಬಿಡುತ್ತದೆ. ಅಲ್ಲಿ ಚಾಕುವಿನಿಂದ ಗೀರಬೇಕು. ಆದರೆ ಗೀರು ಕಣ್ಣಿಗೆ ಕಾಣಬೇಕಲ್ಲ? 0.5 ಮಿಲಿಮೀಟರ್ ಕಡ್ಡಿಯ ಮೆಕ್ಯಾನಿಕಲ್ ಪೆನ್ಸಿಲನ್ನು ಆ ಗೀರಿನಲ್ಲಿ ಓಡಿಸಿ. ನಡುವೆ ತೆಳು ಬಿಳಿ ಸೀಳು, ಆಚೆ ಈಚೆ ಎರಡು ಕಪ್ಪು ಗೆರೆ. ಒಂದು ಕಪ್ಪು ಉಳಿಸಿ ಇನ್ನೊಂದು ಕಪ್ಪು ಕತ್ತರಿಸಿದರೆ ಆಯಿತು. ನನ್ನ ಕಣ್ಣಿಗೆ ಕನ್ನಡಕ ಬಂದಮೇಲಂತೂ ಇದಿಲ್ಲದೆ ಕೆಲಸವಿಲ್ಲ.

ನೇರಳೆ ಬಣ್ಣ ಬಿಡುವ ಹಳೆಯ ಕಾಪಿಯಿಂಗ್ ಪೆನ್ಸಿಲ್ ಎಲ್ಲಾದರೂ ಸಿಕ್ಕರೆ ಮರದ ಹತ್ತಿರ ತರಬೇಡಿ. ತೇವ ತಾಗಿದರೆ ಬಣ್ಣ ಹರಡುತ್ತದೆ. ಮಾಮೂಲಿ ಗೀಟನ್ನೂ ಪಾಲಿಶ್ ಹೊಡೆಯುವ ಮೊದಲೇ ತೆಗೆಯಬೇಕು. ಮೇಲೆ ವಾರ್ನಿಷ್ ಬಿದ್ದರೆ ಅದು ಮನೆಯವರ ಜೊತೆ ಶಾಶ್ವತವಾಗಿ ಇರುತ್ತದೆ. ನೇರ ಉಪ್ಪುಕಾಗದ ಉಜ್ಜಿದರೆ ಗ್ರಾಫೈಟ್ ಮರದ ರಂಧ್ರಕ್ಕೆ ಇಳಿದು ಬೂದಿ ಬಣ್ಣ ಬರುತ್ತದೆ. ಮೊದಲು ಒಳ್ಳೆಯ ರಬ್ಬರ್, ಆಮೇಲೆ ಸ್ಪಿರಿಟ್ ಅದ್ದಿದ ಬಟ್ಟೆ, ಕೊನೆಗೆ ಉಪ್ಪುಕಾಗದ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಚೀಟಿ ಹೀಗಿದೆ. ನಮ್ಮದೇ ಡ್ರಾಯಿಂಗ್ ಪೆನ್ಸಿಲ್ ಎಚ್‌ಬಿ, 2ಬಿ, 4ಬಿ ಒಂದೊಂದು, 2ಎಚ್ ಒಂದು, ಹಾರ್ಡ್‌ವೇರ್ ಅಂಗಡಿಯ ಚಪ್ಪಟೆ ಒಂದು. ಒಂದು ಲೋಹದ ಮೆಂಡರ್, ಒಂದು ಕಟರ್, ನುಣುಪು ಉಪ್ಪುಕಾಗದ ಒಂದು ಹಾಳೆ. ಲೋಹದ ಮೆಂಡರ್ ತಗೊಳ್ಳುವಾಗ ಬದಲಿ ಬ್ಲೇಡ್ ಕೂಡ ಅದೇ ಅಂಗಡಿಯಲ್ಲಿ ಕೇಳಿ. "ಅದ್ಯಾಕೆ ಮೇಡಂ, ಹೊಸದೇ ತಗೊಳ್ಳಿ" ಅನ್ನುತ್ತಾರೆ. ಒಳಗೆ ಹುಡುಕಲು ಹೇಳಿ, ಸಾಮಾನ್ಯವಾಗಿ ಹಿಂದಿನ ಕಪಾಟಿನಲ್ಲಿ ಇರುತ್ತದೆ.